ಕೋಟೆ ಬಿದ್ದ ಮೇಲೆ ಬಂದ ಬೇನೆ

ವಿಜಯಪುರದ ಇತಿಹಾಸ ಬರೆಯುವವರ ಲೇಖನಿ ಸಾಮಾನ್ಯವಾಗಿ 1686ರ ಸೆಪ್ಟೆಂಬರಿಗೆ ಬಂದು ನಿಂತುಬಿಡುತ್ತದೆ. ಸಿಕಂದರ ಆದಿಲಶಾಹ ಶರಣಾದ, ಔರಂಗಜೇಬ ಕೋಟೆ ಹೊಕ್ಕ, ಅಲ್ಲಿಗೆ ಕಥೆ ಮುಗಿಯಿತು. ಗೆದ್ದವನನ್ನೂ ಬಿಡದ ಶತ್ರುವೊಂದು ಎರಡೇ ವರ್ಷಗಳಲ್ಲಿ ಈ ಊರಿಗೆ ಬಂದುದನ್ನು ನೆನೆಯುವವರು ಕಡಿಮೆ.

1688ರಲ್ಲಿ ಪ್ಲೇಗು ಬಾದಶಹನ ಬಿಡಾರವನ್ನೇ ಹೊಕ್ಕಿತು. ಆತನ ಬೇಗಂ ಔರಂಗಾಬಾದಿ ಮಹಲ್ ಇಲ್ಲಿಯೇ ತೀರಿಕೊಂಡಳು. ಸೇನಾನಿ ಫಿರೋಜ್ ಜಂಗನ ಜೀವ ಉಳಿಯಿತು, ಕಣ್ಣು ಹೋದವು. ಹೈದರಾಬಾದಿನ ಮೊದಲ ನಿಜಾಮನ ತಂದೆ ಈತ. ಬಜಾರಿನಲ್ಲಿ ಸತ್ತ ದಿಕ್ಕಿಲ್ಲದವರಿಗೆ ಮಣ್ಣು ಸಿಕ್ಕುವುದೂ ದುರ್ಲಭವಾಗಿತ್ತೆಂದು ಖಾಫಿ ಖಾನ್ ಬರೆದಿದ್ದಾನೆ. ಕಂಕುಳು, ತೊಡೆಸಂದು, ಕಿವಿಯ ಹಿಂಭಾಗಗಳಲ್ಲಿ ಏಳುತ್ತಿದ್ದ ಗಂಟುಗಳನ್ನು ಆತ ದ್ರಾಕ್ಷಿಗೂ ಬಾಳೆಹಣ್ಣಿಗೂ ಹೋಲಿಸುತ್ತಾನೆ. ತಿಕೋಟಾದ ದ್ರಾಕ್ಷಿ ತೋಟಗಳ ಪಕ್ಕದಲ್ಲಿ ಹಾದುಹೋಗುವಾಗ ಆ ಹೋಲಿಕೆ ನೆನಪಾಗಿ ನನ್ನ ಮೈ ಜುಮ್ಮೆನ್ನುತ್ತದೆ.

ಈ ಬೇನೆ ಕೊಲ್ಲುವ ಬಗೆಯನ್ನು ಆಗಿನ ಹಕೀಮರು ಅರಿಯುವಂತಿರಲಿಲ್ಲ. ಅದರ ರೋಗಾಣು ಪತ್ತೆಯಾದುದೇ 1894ರಲ್ಲಿ, ಹಾಂಗ್‌ಕಾಂಗಿನಲ್ಲಿ. ನೆತ್ತರು ಹೆಪ್ಪುಗಟ್ಟುವುದು ಸೋರಿಕೆಯನ್ನು ತಡೆಯುವುದಕ್ಕೆ ಮಾತ್ರವಲ್ಲ, ಒಳನುಗ್ಗಿದ ರೋಗಾಣುವನ್ನು ಬಲೆಯಲ್ಲಿ ಹಿಡಿದಿಡುವುದಕ್ಕೂ ಹೌದು. (ಹಾಲಿಗೂ ನೆತ್ತರಿಗೂ ‘ಹೆಪ್ಪು’ ಎಂಬ ಒಂದೇ ಮಾತನ್ನು ಬಳಸಿದ ನಮ್ಮ ಹಿರಿಯರ ಕಣ್ಣು ಸೂಕ್ಷ್ಮವಾದುದು.) ಪ್ಲೇಗಿನ ರೋಗಾಣುವಾದರೋ ಈ ಬಲೆಯನ್ನು ಕರಗಿಸುವ ಉಪಾಯವನ್ನು ತನ್ನೊಡನೆಯೇ ತರುತ್ತದೆ. ಅದು ರಕ್ತದಲ್ಲೆಲ್ಲ ಹಬ್ಬಿದಾಗ ದೇಹವು ದಿಕ್ಕುಗೆಟ್ಟು ಕಿರುನಾಳಗಳಲ್ಲೆಲ್ಲ ಹೆಪ್ಪುಗಟ್ಟಿಸತೊಡಗುತ್ತದೆ. ರಕ್ತ ತಲುಪದೆ ಬೆರಳು, ಮೂಗಿನ ತುದಿ ಕಪ್ಪಾಗುತ್ತವೆ. ಹೆಪ್ಪಿನ ಸಾಮಗ್ರಿ ತೀರಿದಾಗ ಬೇರೆ ಕಡೆಗಳಲ್ಲಿ ರಕ್ತ ಸೋರುತ್ತದೆ. ಮುತ್ತಿಗೆ ಬಿದ್ದ ಕೋಟೆಯ ಬಾಗಿಲು ಮುಚ್ಚಿದಾಗ ಹಸಿದು ಸಾಯುವವರು ಒಳಗಿನವರೇ ಅಲ್ಲವೆ?

1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ಮುಂದಿನ ವರ್ಷಗಳಲ್ಲಿ ನಮ್ಮ ಸೀಮೆಗೂ ಹಬ್ಬಿತು. ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡವರ ಕಥೆಗಳನ್ನು ಬಬಲೇಶ್ವರದ ಕಡೆಯ ಹಿರಿಯರಿಂದ ನಾನು ಕೇಳಿದ್ದೇನೆ.

ಆ ಭಯ ಈಗಿಲ್ಲ. ಆದರೆ ಪ್ಲೇಗು ಕೆಲವೇ ದಿನಗಳಲ್ಲಿ ಕೆಡಿಸುತ್ತಿದ್ದ ಹೆಪ್ಪಿನ ಹದವನ್ನು ವರ್ಷಗಟ್ಟಲೆ ಮೆಲ್ಲಮೆಲ್ಲನೆ ಕೆಡಿಸುವ ಬೇನೆಗಳು ನಮ್ಮ ಮನೆಗಳಲ್ಲಿಯೇ ಇವೆ. ಕ್ಷಯ ಅಂಥದು, ಕೀಲುಗಳ ಉರಿಯೂತವೂ ಅಂಥದೇ. ಒಳಗಿನ ಉರಿ ಆರದಿರುವಷ್ಟು ಕಾಲ ಯಕೃತ್ತು ಫೈಬ್ರಿನೋಜೆನ್ ಎಂಬ ಹೆಪ್ಪಿನ ನೂಲಿನ ಸರಕನ್ನು ಹೆಚ್ಚಾಗಿ ಒದಗಿಸುತ್ತಲೇ ಇರುತ್ತದೆ. ವೈದ್ಯರು ಚೀಟಿಯಲ್ಲಿ ಬರೆದುಕೊಡುವ ಇ.ಎಸ್.ಆರ್. ಪರೀಕ್ಷೆ ವಾಚಕರಿಗೆ ಪರಿಚಿತವೇ ಇದೆ. ಸ್ವೀಡನ್ನಿನ ಫೋರಿಯಸ್ 1918ರಲ್ಲಿ ಇದರ ಮರ್ಮವನ್ನು ವಿವರಿಸತೊಡಗಿದ. ಫೈಬ್ರಿನೋಜೆನ್ ಹೆಚ್ಚಿದಾಗ ಕೆಂಪು ಕಣಗಳು ನಾಣ್ಯಗಳಂತೆ ಒಂದಕ್ಕೊಂದು ಅಂಟಿ, ನಳಿಗೆಯಲ್ಲಿ ಬೇಗನೆ ತಳಕ್ಕಿಳಿಯುತ್ತವೆ.

ಇಂಥವರ ಕಾಲಿನ ಆಳದ ನಾಳದಲ್ಲಿ ಹೆಪ್ಪು ಕಟ್ಟಿ, ಅದು ಕಳಚಿ ಶ್ವಾಸಕೋಶವನ್ನು ಸೇರುವ ಅಪಾಯ ಉಳಿದವರಿಗಿಂತ ಹೆಚ್ಚು. ಒಂದೇ ಕಾಲು ಬಾತರೆ ನಮ್ಮ ಜನ ಅದನ್ನು ದಣಿವೆಂದೇ ತಿಳಿದು ಎಣ್ಣೆ ಹಚ್ಚಿ ತಿಕ್ಕಿಸಿಕೊಳ್ಳುತ್ತಾರೆ. ಆ ತಿಕ್ಕಾಟವೇ ಹೆಪ್ಪನ್ನು ಕಳಚಿಬಿಡಬಹುದು.