ತೂಕಡಿಸುವ ಮಗುವಿಗೆ ಎಷ್ಟು ಪ್ರಶ್ನೆ?

ತರಗತಿಯಲ್ಲಿ ತೂಕಡಿಸುವ ಹುಡುಗನಿಗೆ ನಮ್ಮಲ್ಲಿ ಸಿಗುವುದು ಸೋಮಾರಿ ಎಂಬ ಹೆಸರು, ಇಲ್ಲವೇ ಬೆನ್ನಿಗೊಂದು ಗುದ್ದು. ಹಗಲಿನ ಅತಿನಿದ್ರೆಯನ್ನು ಅಳೆಯಬಹುದೆಂಬುದು ವೈದ್ಯರಿಗೂ ತಡವಾಗಿಯೇ ಹೊಳೆಯಿತು. 1970ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಮೇರಿ ಕಾರ್ಸ್‌ಕಡನ್, ವಿಲಿಯಂ ಡಿಮೆಂಟ್ ಮತ್ತು ಸಂಗಡಿಗರು ಒಂದು ಪರೀಕ್ಷೆ ರೂಪಿಸಿದರು. ತಲೆಗೆ ತಂತಿ ಅಂಟಿಸಿ, ಎರಡೆರಡು ತಾಸಿಗೊಮ್ಮೆ ಕತ್ತಲೆ ಕೋಣೆಯಲ್ಲಿ ಮಲಗಿಸಿ, ನಿದ್ದೆ ಹತ್ತಲು ಎಷ್ಟು ನಿಮಿಷ ಬೇಕಾಯಿತೆಂದು ನೋಡುವುದು. ರಾತ್ರಿ ಚೆನ್ನಾಗಿ ಮಲಗಿದ ಚಿಕ್ಕ ಮಕ್ಕಳು ಹಗಲು ನಿದ್ದೆಗೆ ಜಾರುವುದೇ ಅಪರೂಪವೆಂದೂ, ಹರೆಯ ಶುರುವಾದ ಮೇಲೆ ಅಷ್ಟೇ ಮಲಗಿದರೂ ಮಂಪರು ಹೆಚ್ಚುತ್ತದೆಂದೂ ಕಾರ್ಸ್‌ಕಡನ್ ತೋರಿಸಿದರು. ಅಂದರೆ ಹತ್ತನೇ ತರಗತಿಯವನಿಗಿಂತ ಮೂರನೇ ತರಗತಿಯವನ ತೂಕಡಿಕೆ ಹೆಚ್ಚು ಗಂಭೀರ.

ಈ ಪರೀಕ್ಷೆ ದುಬಾರಿ, ಇಡೀ ದಿನದ ಕೆಲಸ. ಮೆಲ್ಬರ್ನ್‌ನ ಎಪ್ವರ್ತ್ ಆಸ್ಪತ್ರೆಯ ಮರ್ರೆ ಜಾನ್ಸ್ 1991ರಲ್ಲಿ ಅದರ ಬದಲು ಒಂದು ಹಾಳೆ ಕೊಟ್ಟರು: ಎಂಟು ಸನ್ನಿವೇಶ, ಒಂದೊಂದಕ್ಕೆ 0ಯಿಂದ 3 ಅಂಕ, ಒಟ್ಟು 10 ದಾಟಿದರೆ ಎಚ್ಚರಿಕೆ. ಅದು ದೊಡ್ಡವರ ಹಾಳೆ. ಟ್ರಾಫಿಕ್‌ನಲ್ಲಿ ನಿಂತ ಕಾರಿನೊಳಗೆ ನಿದ್ದೆ ಬರುತ್ತದೆಯೇ ಎಂದರೆ ನಮ್ಮ ಕಲಬುರಗಿ ಸೀಮೆಯ ಚಿಂಚೋಳಿಯ ತಾಂಡಾದ ಮಗು ಏನೆಂದೀತು? ಮುಂದೆ ಬಂದ ಮಕ್ಕಳ ಆವೃತ್ತಿಯಲ್ಲಿ ತರಗತಿ, ಬಸ್ಸು ಸೇರಿದವು. 2003ರಲ್ಲಿ ಸಂಶೋಧಕ ಡ್ರೇಕ್ ಮತ್ತು ಸಂಗಡಿಗರು 11ರಿಂದ 15 ವರ್ಷದವರಿಗೆಂದೇ ಪ್ರಶ್ನಾವಳಿ ಮಾಡಿದರು: ಪಾಠದ ನಡುವೆ ನಿದ್ದೆ ಹೋಗುತ್ತೀಯಾ, ಎಬ್ಬಿಸಿದ ಮೇಲೂ ಮತ್ತೆ ಮಲಗುತ್ತೀಯಾ. ಮಂಪರಿನ ಅಂಕ ಏರಿದಲ್ಲಿ ಓದಿನ ಅಂಕ ಇಳಿದಿತ್ತು.

ನನಗೆ ಹೆಚ್ಚು ಉಪಯುಕ್ತವೆನಿಸುವುದು 2000ದಲ್ಲಿ ಸಂಶೋಧಕ ಚೆರ್ವಿನ್ ಹಿಡಿದ ದಾರಿ. ಅವರ 22 ಪ್ರಶ್ನೆಗಳಿಗೆ ಉತ್ತರಿಸುವವರು ತಂದೆತಾಯಿ. ಗೊರಕೆ, ಬಾಯಿ ತೆರೆದು ಉಸಿರಾಟ, ಹಾಸಿಗೆ ಒದ್ದೆ, ಜೊತೆಗೆ ಚಡಪಡಿಕೆ. ನಿದ್ದೆಗೆಟ್ಟ ಮಗು ಎಷ್ಟೋ ಸಲ ತೂಕಡಿಸುವುದಿಲ್ಲ. ಕುಳಿತಲ್ಲಿ ಕೂರದೆ ಕುಣಿಯುತ್ತದೆ, ಮಾಸ್ತರರ ಕಣ್ಣಿಗೆ ತುಂಟನಾಗುತ್ತದೆ.

ಇಷ್ಟಾದರೂ ಯಾವ ಹಾಳೆಯೂ ನಮ್ಮ ಮನೆಗಳನ್ನು ನೋಡಿ ಬರೆದದ್ದಲ್ಲ. ವಾಡಿ, ಸೇಡಂಗಳ ಸಿಮೆಂಟ್ ಕಾರ್ಖಾನೆಗಳಲ್ಲಿ ಪಾಳಿಯ ದುಡಿಮೆ. ಅಪ್ಪ ಎರಡನೇ ಪಾಳಿ ಮುಗಿಸಿ ಬಂದರೆ ಒಂದೇ ಕೋಣೆಯ ಮನೆಯಲ್ಲಿ ದೀಪ ಹತ್ತುತ್ತದೆ, ತಾಟು ಸದ್ದಾಗುತ್ತದೆ, ಮಕ್ಕಳು ಏಳುತ್ತಾರೆ. ಶಹಾಬಾದ, ಚಿತ್ತಾಪುರದ ಕಡೆ ಬೇಸಿಗೆಯಲ್ಲಿ ಹಗಲೆಲ್ಲ ಕಾದ ಫರ್ಸಿ ಕಲ್ಲು ರಾತ್ರಿಯಾದರೂ ಝಳ ಬಿಡುತ್ತದೆ. ಸುತ್ತಲಿನ ಕಲ್ಲಿನ ಧೂಳಿನಿಂದಲೇ ಗೊರಕೆ ಎನ್ನುವುದು ಆತುರದ ಮಾತು. ಮೂಗು ಕಟ್ಟಿದ ಮಗುವಿನ ರಾತ್ರಿಯನ್ನು ವಿಚಾರಿಸದೆ ಬಿಡುವುದೂ ಸರಿಯಲ್ಲ.

2013ರಲ್ಲಿ 30 ತೊಂದರೆಗಳ ಪಟ್ಟಿಯೊಂದಿಗೆ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಶಾಲೆ, ಅಂಗನವಾಡಿಗಳಲ್ಲಿ ಮಕ್ಕಳ ತಪಾಸಣೆ ಮಾಡುತ್ತದೆ. ರಕ್ತಹೀನತೆ, ಕಿವಿ, ಹಲ್ಲು, ಕಲಿಕೆಯ ತೊಡಕು ಎಲ್ಲ ಅದರಲ್ಲುಂಟು, ನಿದ್ದೆಯಿಲ್ಲ. ಅದರ ತಂಡದ ಕೈಗೆ 22 ಪ್ರಶ್ನೆ ಕೊಡುವುದು ವ್ಯರ್ಥ. ಮಗುವಿಗೆ ಸಿಗುವ ಸಮಯವೇ ಕೆಲವು ನಿಮಿಷ. ಜುಡಿತ್ ಓವೆನ್ಸ್ ಮತ್ತು ಡಾಲ್ಜೆಲ್ 2005ರಲ್ಲಿ ಪ್ರಕಟಿಸಿದ 'ಬೇರ್ಸ್' ಪ್ರಶ್ನಾವಳಿ ಐದೇ ವಿಷಯ ಕೇಳುತ್ತದೆ: ಮಲಗುವಾಗಿನ ರಗಳೆ, ಹಗಲ ಮಂಪರು, ನಡುರಾತ್ರಿ ಎಚ್ಚರ, ಮಲಗುವ ಹೊತ್ತು ಮತ್ತು ಅವಧಿ, ಗೊರಕೆ. ಇಲ್ಲಿ ಆರನೆಯದಾಗಿ ಮನೆಯವರ ಪಾಳಿ ಯಾವುದೆಂದು ಕೇಳಬೇಕು. ಗೊರಕೆಗೆ ಅವ್ವ ಹೌದೆಂದರೆ ಬೆಂಗಳೂರಿನ ನಿದ್ರಾ ಪ್ರಯೋಗಾಲಯಕ್ಕೆ ಓಡುವ ಮೊದಲು ಕಲಬುರಗಿಯಲ್ಲೇ ಕಿವಿ-ಮೂಗು-ಗಂಟಲಿನ ವೈದ್ಯರಿಗೆ ಟಾನ್ಸಿಲ್, ಅಡಿನಾಯ್ಡ್ ತೋರಿಸಬಹುದು.