ಬೈ ಸೊನ್ನೆ: ಕಿರ್ಮಾನಿಯ ಲೆಕ್ಕ

ಅಮೆರಿಕದವರ ಫುಟ್‌ಬಾಲ್ ನೋಡಿದ್ದೀರಾ? ಹೆಸರು ಫುಟ್‌ಬಾಲ್, ಆಡುವುದು ಬಹುಪಾಲು ಕೈಯಲ್ಲಿ. ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮಂಥವರಿಗೆ ಅದು ತಪ್ಪಿದ್ದಲ್ಲ. ಸೋಮವಾರ ಕ್ಲೈಂಟ್ ಜತೆ ಕಾಲ್ ಶುರುವಾದರೆ ಮೊದಲ ಐದು ನಿಮಿಷ ಭಾನುವಾರದ ಮ್ಯಾಚಿನದೇ ಹರಟೆ. ಸುಮ್ಮನೆ ಹೂಂಗುಟ್ಟುವುದು ಎಷ್ಟು ದಿನ ಅಂತ ಆಟದ ನಿಯಮಗಳನ್ನು ಓದಲು ಕೂತೆ. ಓದುತ್ತಾ ಹೋದಂತೆ ನನಗೆ ಹಿಡಿಸಿದ್ದು ಚೆಂಡು ಎಸೆಯುವವನಲ್ಲ, ಹಿಡಿದು ಓಡುವವನೂ ಅಲ್ಲ. ಅವರ ಮುಂದೆ ಗೋಡೆಯ ಹಾಗೆ ಬಗ್ಗಿ ನಿಲ್ಲುವ ಐದು ದಢೂತಿ ಆಸಾಮಿಗಳು.

ಆಫೆನ್ಸಿವ್ ಲೈನ್‌ಮನ್ ಅಂತಾರೆ ಅವರನ್ನು. ನಡುವೆ ಒಬ್ಬ ಸೆಂಟರ್, ಅವನ ಎರಡು ಪಕ್ಕ ಗಾರ್ಡ್‌ಗಳು, ತುದಿಗಳಲ್ಲಿ ಟ್ಯಾಕಲ್‌ಗಳು. ಎದುರು ತಂಡದವರು ಕ್ವಾರ್ಟರ್‌ಬ್ಯಾಕ್ ಮೇಲೆ ಬೀಳದಂತೆ ಮೂರು ನಾಲ್ಕು ಸೆಕೆಂಡು ತಡೆಯುವುದು ಇವರ ಕೆಲಸ. ಕ್ವಾರ್ಟರ್‌ಬ್ಯಾಕನ್ನು ಕೆಡವಿದವನಿಗೆ 'ಸ್ಯಾಕ್' ಅಂತ 1982ರಿಂದ ಅಧಿಕೃತ ಲೆಕ್ಕ ಇದೆ. ಕೆಡವದಂತೆ ತಡೆದವನ ಹೆಸರಿನ ಮುಂದೆ ಬರೆಯಲು ಏನೂ ಇಲ್ಲ. ತಪ್ಪಿ ಎದುರಾಳಿಯ ಅಂಗಿ ಹಿಡಿದೆಳೆದರೆ ಮಾತ್ರ ರೆಫರಿ ಮೈಕಿನಲ್ಲಿ ಅವನ ನಂಬರ್ ಕೂಗುತ್ತಾನೆ.

ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡದಲ್ಲಿ ಜೋ ಥಾಮಸ್ ಅಂತ ಒಬ್ಬನಿದ್ದ, ಲೆಫ್ಟ್ ಟ್ಯಾಕಲ್. 2007ರಲ್ಲಿ ಆಟಗಾರರನ್ನು ಆರಿಸುವ ದಿನ ಮಿಕ್ಕವರೆಲ್ಲ ಸೂಟು ಬೂಟು ಹಾಕಿಕೊಂಡು ನ್ಯೂಯಾರ್ಕಿಗೆ ಹೋಗಿದ್ದರೆ ಈ ಮಹಾರಾಯ ಅಪ್ಪನ ಜತೆ ಮಿಶಿಗನ್ ಸರೋವರದಲ್ಲಿ ಮೀನು ಹಿಡಿಯುತ್ತಿದ್ದ. ಅಲ್ಲಿಂದ 2017ರ ಅಕ್ಟೋಬರ್‌ನಲ್ಲಿ ತೋಳಿನ ಸ್ನಾಯು ಹರಿಯುವ ತನಕ ಒಂದೇ ಒಂದು ಸಲವೂ ಹೊರಗೆ ಕೂರದೆ ಸತತ 10,363 ಸಲ ಚೆಂಡಿಗೆ ಬಗ್ಗಿ ನಿಂತ. ಅಷ್ಟೂ ವರ್ಷದಲ್ಲಿ ಅವನ ತಂಡ ಒಮ್ಮೆಯೂ ಪ್ಲೇಆಫ್ ಮುಟ್ಟಲಿಲ್ಲ. 2023ರಲ್ಲಿ ಅವನಿಗೆ ಹಾಲ್ ಆಫ್ ಫೇಮ್ ಗೌರವ ಸಿಕ್ಕಿತು. ಗೋಲು ಹೊಡೆಯದ, ಕಪ್ ಗೆಲ್ಲದ ಮನುಷ್ಯನಿಗೆ ಕೊಡಲು ಅವರ ಹತ್ತಿರ ಆ 10,363 ಎಂಬ ಸಂಖ್ಯೆಯಾದರೂ ಇತ್ತು.

ನಮ್ಮಲ್ಲಿ ಇಂಥ ಜಾಗ ಯಾವುದು ಅಂತ ಯೋಚಿಸಿದರೆ ನನಗೆ ಹೊಳೆಯುವುದು ವಿಕೆಟ್ ಕೀಪರ್. ನಮ್ಮ ನಿಟ್ಟೂರಿನ ಕಡೆ ಟೆನಿಸ್ ಬಾಲ್ ಕ್ರಿಕೆಟ್ ಆಡಿದವರಿಗೆ ಹೇಳಬೇಕಾಗಿಲ್ಲ. ಬ್ಯಾಟು ತಂದವನು ಓಪನಿಂಗ್, ಊರಿಗೆ ದೊಡ್ಡವನು ಬೌಲಿಂಗ್, ಯಾರಿಗೂ ಬೇಡವಾದವನು ಕೀಪಿಂಗ್. ಬಾಲು ಹಿಂದೆ ಹೋದರೆ ತೆಂಗಿನ ತೋಟದ ಬೇಲಿಯೊಳಗೆ ನುಗ್ಗಿ ತರುವ ಹೊಣೆಯೂ ಅವನದೇ. ಅಂಥ ಜಾಗದಲ್ಲಿ 88 ಟೆಸ್ಟ್ ಆಡಿದ ಬೆಂಗಳೂರಿನವರು ಸಯ್ಯದ್ ಕಿರ್ಮಾನಿ. ಹುಟ್ಟಿದ್ದು 1949ರ ಡಿಸೆಂಬರ್‌ನಲ್ಲಿ ಮದರಾಸಿನಲ್ಲಿ, ಆಟ ಕಲಿತದ್ದೆಲ್ಲ ಬೆಂಗಳೂರಿನಲ್ಲಿ. ಚಿಕ್ಕಂದಿನಲ್ಲಿ ಬೀದಿ ಆಟದಲ್ಲಿ ಗ್ಲೌಸ್ ಇಲ್ಲದೆ ಇಟ್ಟಿಗೆ ಹಿಡಿದು ಚೆಂಡು ತಡೆಯುತ್ತಿದ್ದೆ ಅಂತ ಅವರೇ ಹೇಳಿಕೊಂಡಿದ್ದಾರೆ.

ಅವರ ವೃತ್ತಿ ಶುರುವಾದದ್ದೇ ಕಾಯುವುದರಿಂದ. ಆಗ ಭಾರತ ತಂಡದಲ್ಲಿ ಫಾರೂಕ್ ಎಂಜಿನಿಯರ್ ಇದ್ದರು. ಧಡಬಡ ಬ್ಯಾಟಿಂಗು, ಬ್ರಿಲ್‌ಕ್ರೀಮ್ ಜಾಹೀರಾತಿನ ಮುಖ. ಕಿರ್ಮಾನಿ 1971ರಲ್ಲಿ ಇಂಗ್ಲೆಂಡಿಗೆ ಹೋಗಿ ಬಂದರು, 1974ರಲ್ಲಿ ಮತ್ತೆ ಹೋಗಿ ಬಂದರು, 1975ರ ಮೊದಲ ವಿಶ್ವಕಪ್ಪಿಗೂ ಹೋಗಿ ಬಂದರು. ಒಂದೇ ಒಂದು ಅಂತರರಾಷ್ಟ್ರೀಯ ಪಂದ್ಯವೂ ಸಿಗಲಿಲ್ಲ. ಬ್ಯಾಟ್ಸ್‌ಮನ್ನುಗಳಾದರೆ ತಂಡದಲ್ಲಿ ಆರು ಜನ, ಒಬ್ಬರಲ್ಲ ಒಬ್ಬರು ಎಡವುತ್ತಾರೆ. ಕೀಪರ್ ಜಾಗ ಇರುವುದು ಒಂದು.

ಕೊನೆಗೆ 1976ರ ಜನವರಿಯಲ್ಲಿ ಆಕ್ಲೆಂಡಿನಲ್ಲಿ ನ್ಯೂಜಿಲೆಂಡ್ ವಿರುದ್ಧ ಮೊದಲ ಟೆಸ್ಟ್. ಆ ಪಂದ್ಯ ಗೆದ್ದದ್ದು ಪ್ರಸನ್ನ ಅವರ 8 ವಿಕೆಟ್‌ನಿಂದ (ಅಂದ ಹಾಗೆ ಪ್ರಸನ್ನ ಮೈಸೂರಿನಲ್ಲಿ ಓದಿದ ಎಂಜಿನಿಯರು, ನಮ್ಮ ಕುಲಬಾಂಧವರು!). ಮುಂದಿನ ಟೆಸ್ಟ್ ಕ್ರೈಸ್ಟ್‌ಚರ್ಚಿನಲ್ಲಿ. ಅಲ್ಲಿ ಒಂದೇ ಇನಿಂಗ್ಸಿನಲ್ಲಿ ಐದು ಕ್ಯಾಚ್, ಒಂದು ಸ್ಟಂಪಿಂಗ್, ಒಟ್ಟು ಆರು ಬಲಿ. ಆಗಿನ ವಿಶ್ವದಾಖಲೆಗೆ ಸಮ. ಆಡಿದ್ದು ಎರಡನೇ ಟೆಸ್ಟ್ ಅಷ್ಟೇ.

ಆದರೆ ಈ ಆರು ಬಲಿಯಲ್ಲ ನನಗೆ ದೊಡ್ಡದಾಗಿ ಕಾಣುವುದು. ಚಂದ್ರಶೇಖರ್‌ಗೆ ಕೀಪಿಂಗ್ ಮಾಡುವುದು ಅಂದರೆ ಏನು ಅಂತ ಸ್ವಲ್ಪ ಯೋಚಿಸಿ ನೋಡಿ. ಪೋಲಿಯೋದಿಂದ ಸಣ್ಣಗಾದ ಬಲಗೈ ಚಾವಟಿಯ ಹಾಗೆ ಬೀಸುತ್ತದೆ, ಚೆಂಡು ಹೆಚ್ಚುಕಡಿಮೆ ಮಧ್ಯಮ ವೇಗದಲ್ಲಿ ಬರುತ್ತದೆ, ಒಳಗೋ ಹೊರಗೋ ನೇರವೋ ಚಂದ್ರಾಗೇ ಗೊತ್ತಿಲ್ಲ ಅಂತ ಆಗ ತಮಾಷೆ ಮಾಡುತ್ತಿದ್ದರು. ಬ್ಯಾಟ್ಸ್‌ಮನ್ ಮೋಸ ಹೋದರೆ ಚಂದ್ರಾಗೆ ವಿಕೆಟ್. ಬ್ಯಾಟ್ಸ್‌ಮನ್ನೂ ಸ್ಟಂಪೂ ಎರಡೂ ತಪ್ಪಿಹೋಯಿತೆನ್ನಿ, ಆಗ ಸ್ಟಂಪಿಗೆ ಅಂಟಿಕೊಂಡು, ಹೆಲ್ಮೆಟ್ ಇಲ್ಲದೆ, ಬ್ಯಾಟ್ಸ್‌ಮನ್ನಿನ ಮೈ ಅಡ್ಡ ಬಂದು ಕಡೇ ಕ್ಷಣದ ತನಕ ಚೆಂಡೇ ಕಾಣದೆ ಕೂತಿರುವ ಕೀಪರ್ ಮೋಸ ಹೋಗುವ ಹಾಗಿಲ್ಲ. ಚಂದ್ರಾ 58 ಟೆಸ್ಟ್‌ಗಳಲ್ಲಿ 242 ವಿಕೆಟ್ ತೆಗೆದರು, ಪುಸ್ತಕದಲ್ಲಿದೆ. ಕಿರ್ಮಾನಿ ಎಷ್ಟು ಚೆಂಡುಗಳಿಗೆ ಮೋಸ ಹೋಗಲಿಲ್ಲ ಎನ್ನುವುದು ಯಾವ ಪುಸ್ತಕದಲ್ಲೂ ಇಲ್ಲ.

1979ರಲ್ಲಿ ಅವರನ್ನು ಕೈಬಿಟ್ಟರು. ಇಂಗ್ಲೆಂಡ್ ಪ್ರವಾಸಕ್ಕೆ ತಮಿಳುನಾಡಿನ ಭರತ್ ರೆಡ್ಡಿ ಹೋದರು. ಆಗ ಆಸ್ಟ್ರೇಲಿಯದ ಕೆರಿ ಪ್ಯಾಕರ್ ದುಡ್ಡು ಸುರಿದು ಆಟಗಾರರನ್ನು ತನ್ನ ಸರಣಿಗೆ ಎಳೆಯುತ್ತಿದ್ದ ಕಾಲ. ಆ ಕಡೆಯಿಂದ ಕರೆ ಬಂದದ್ದೇ ಕಿರ್ಮಾನಿಗೆ ಮುಳುವಾಯಿತು ಎಂಬ ಗುಸುಗುಸು ಇತ್ತು, ಕೀಪಿಂಗ್ ಸಪ್ಪೆಯಾಗಿತ್ತು ಎಂದವರೂ ಇದ್ದರು. ನನ್ನ ತಕರಾರು ಬೇರೆ. ಬ್ಯಾಟ್ಸ್‌ಮನ್ನನ್ನು ಕೈಬಿಟ್ಟರೆ ಇಷ್ಟು ರನ್ ಹೊಡೆದಿದ್ದೇನೆ ನೋಡಿ ಅನ್ನಬಹುದು, ಬೌಲರ್ ಇಷ್ಟು ವಿಕೆಟ್ ಅನ್ನಬಹುದು. ಕೀಪರ್ ಏನು ತೋರಿಸಬೇಕು? ಕ್ಯಾಚ್ ಸಂಖ್ಯೆ ಬೌಲರ್‌ಗಳ ಮೇಲೆ ನಿಂತಿರುತ್ತದೆ. ಅವನದೇ ಸ್ವಂತ ಅಂತ ಇರುವ ಅಂಕಿ ಒಂದೇ, ಬೈ. ಅದೂ ಕಡಿಮೆಯಾದಷ್ಟೂ ಕಣ್ಣಿಗೆ ಬೀಳದ ಅಂಕಿ. ಸರ್ವರ್ ನೋಡಿಕೊಳ್ಳುವ ಗೆಳೆಯರಿಗೆ ಈ ಕಷ್ಟ ಥಟ್ಟನೆ ಅರ್ಥವಾಗುತ್ತದೆ. ವರ್ಷವಿಡೀ ಏನೂ ಆಗಲಿಲ್ಲ ಅಂದರೆ ಅಪ್ರೈಸಲ್‌ನಲ್ಲಿ ಏನು ಬರೆಯುತ್ತೀರಿ?

ಹಾಗಾಗಿ ಕೀಪರ್ ತನ್ನ ಕೀಪಿಂಗಿನ ಪರವಾಗಿ ಬ್ಯಾಟಿನಲ್ಲಿ ವಾದ ಮಾಡಬೇಕು! ಅದೇ ವರ್ಷದ ಕೊನೆಗೆ ಆಸ್ಟ್ರೇಲಿಯ ಇಲ್ಲಿಗೆ ಬಂದಾಗ ಕಿರ್ಮಾನಿ ಮತ್ತೆ ತಂಡದಲ್ಲಿದ್ದರು. ಮುಂಬಯಿಯ ಕೊನೇ ಟೆಸ್ಟ್‌ನಲ್ಲಿ ಸಂಜೆ ಹೊತ್ತು ಒಳ್ಳೆಯ ಬ್ಯಾಟ್ಸ್‌ಮನ್ನುಗಳನ್ನು ಉಳಿಸಲು ಅವರನ್ನು ನೈಟ್ ವಾಚ್‌ಮನ್ ಮಾಡಿ ಕಳಿಸಿದರು. ನೈಟ್ ವಾಚ್‌ಮನ್ ಅಂದರೆ ಹೋದರೂ ಪರವಾಗಿಲ್ಲ ಎಂಬ ವಿಕೆಟ್ಟು. ಆ ವಿಕೆಟ್ಟು ಹೋಗಲೇ ಇಲ್ಲ, 101 ಅಜೇಯ. ಭಾರತ ಆ ಟೆಸ್ಟ್ ಇನಿಂಗ್ಸ್ ಅಂತರದಿಂದ ಗೆದ್ದು, ಆಸ್ಟ್ರೇಲಿಯದ ವಿರುದ್ಧ ಮೊದಲ ಸಲ ಸರಣಿಯನ್ನೂ ಗೆದ್ದುಕೊಂಡಿತು.

1981-82ರ ಇಂಗ್ಲೆಂಡ್ ಸರಣಿ ಬೋರು ಹೊಡೆಸುವುದಕ್ಕೆ ಹೆಸರುವಾಸಿ. ಆರು ಟೆಸ್ಟ್‌ಗಳಲ್ಲಿ ಫಲಿತಾಂಶ ಬಂದದ್ದು ಮೊದಲನೆಯದಕ್ಕೆ ಮಾತ್ರ. ಆದರೆ ನನ್ನ ಪ್ರಕಾರ ಕಿರ್ಮಾನಿಯ ಜೀವನದ ಶಿಖರ ಇರುವುದು ಈ ನಿದ್ದೆ ಬರುವ ಸರಣಿಯಲ್ಲೇ. ಸತತ ಮೂರು ಟೆಸ್ಟ್‌ಗಳಲ್ಲಿ 1,964 ರನ್‌ಗಳ ಮೊತ್ತ ಏರಿದರೂ ಅದರಲ್ಲಿ ಒಂದೇ ಒಂದು ಬೈ ಇಲ್ಲ. ದಿನಗಟ್ಟಲೆ ಬಿಸಿಲು, ಚೆಂಡು ಚೆಂಡಿಗೂ ಕೂತು ಏಳಬೇಕು, ಬ್ಯಾಟ್ಸ್‌ಮನ್ ಬಿಟ್ಟದ್ದೆಲ್ಲ ಗ್ಲೌಸಿಗೆ. ಜೋ ಥಾಮಸನ 10,363ಕ್ಕೆ ಎದುರಾಗಿ ಇಡಲು ನಮ್ಮ ಹತ್ತಿರ ಇರುವುದು ಈ ಸೊನ್ನೆ. 1982ರಲ್ಲಿ ಪದ್ಮಶ್ರೀ ಬಂತು. ಸೊನ್ನೆಗೆ ಕೊಟ್ಟದ್ದು ಅಂತ ನಾನು ಅಂದುಕೊಳ್ಳುತ್ತೇನೆ, ಸರ್ಕಾರ ಹಾಗೆ ಹೇಳಿಲ್ಲ.

ಇನ್ನು 1983. ಜೂನ್ 18, ಟನ್‌ಬ್ರಿಜ್ ವೆಲ್ಸ್, ಜಿಂಬಾಬ್ವೆ ಎದುರು 17ಕ್ಕೆ 5. ಕಪಿಲ್ ದೇವ್ ಹೊಡೆದ 175 ಎಲ್ಲರಿಗೂ ಬಾಯಿಪಾಠ. ಮೊದಲು ನಮ್ಮ ಬಿನ್ನಿ 22, ಆಮೇಲೆ ಮದನ್ ಲಾಲ್ 17 ಹೊಡೆದು ಕಪಿಲ್ ಜತೆ ಸ್ವಲ್ಪ ಹೊತ್ತು ನಿಂತರು. 140ಕ್ಕೆ 8 ಆದಾಗ ಕಿರ್ಮಾನಿ ಬಂದರು. ಮುಂದೆ ವಿಕೆಟ್ಟೇ ಬೀಳಲಿಲ್ಲ. ಒಂಬತ್ತನೇ ವಿಕೆಟ್ಟಿಗೆ ಮುರಿಯದ 126, ಅದರಲ್ಲಿ ಕಿರ್ಮಾನಿ ಪಾಲು 24. ಏಕದಿನ ಪಂದ್ಯಗಳಲ್ಲಿ ಒಂಬತ್ತನೇ ವಿಕೆಟ್ಟಿನ ಈ ದಾಖಲೆ 2010ರ ತನಕ ಉಳಿದಿತ್ತು. ಲೈನ್‌ಮನ್ ಮಾಡುವುದು ಇದನ್ನೇ ಅಲ್ಲವೇ? ಎಸೆಯುವವನಿಗೆ ಎಸೆಯಲು ಹೊತ್ತು ಕೊಡುವುದು. ಆ ಪಂದ್ಯವನ್ನು ಟಿವಿಯವರು ಚಿತ್ರೀಕರಿಸಲಿಲ್ಲ. ಕಪಿಲ್‌ರ 175 ಕಥೆಯಾಗಿ ಉಳಿಯಿತು, ಇನ್ನೊಂದು ತುದಿಯ ಡಿಫೆನ್ಸ್ ಕಥೆಯಾಗಲು ಸಾಧ್ಯವೂ ಇರಲಿಲ್ಲ.

ಫೈನಲ್ ಮಾತ್ರ ಟಿವಿಯಲ್ಲಿ ಬಂತು. ಬಲ್ವಿಂದರ್ ಸಂಧು ಬೌಲಿಂಗಿನಲ್ಲಿ ಬ್ಯಾಕಸ್ ಬ್ಯಾಟಿನ ಅಂಚು ಮುಟ್ಟಿದ ಚೆಂಡಿಗೆ ಕಿರ್ಮಾನಿ ಹಾರಿ ಹಿಡಿದದ್ದನ್ನು ಈಗಲೂ ಹುಡುಕಿ ನೋಡಬಹುದು. ಆ ವಿಶ್ವಕಪ್ಪಿನ ಅತ್ಯುತ್ತಮ ಕೀಪರ್ ಪ್ರಶಸ್ತಿ ಅವರಿಗೇ ಹೋಯಿತು. ಆದರೂ ರಸಪ್ರಶ್ನೆಗಳಲ್ಲಿ ಬರುವುದು ಕಪಿಲ್ ಹಿಡಿದ ರಿಚರ್ಡ್ಸ್ ಕ್ಯಾಚು.

1984ರಲ್ಲಿ ಇಂಗ್ಲೆಂಡ್ ಮತ್ತೆ ಬಂತು. ಮುಂಬಯಿ ಟೆಸ್ಟ್‌ನಲ್ಲಿ ರವಿ ಶಾಸ್ತ್ರಿ 142, ಕಿರ್ಮಾನಿ 102, ಏಳನೇ ವಿಕೆಟ್ಟಿಗೆ 235. ಲಕ್ಷ್ಮಣ್ ಶಿವರಾಮಕೃಷ್ಣನ್ ಎಂಬ ಹುಡುಗ ಎರಡೂ ಇನಿಂಗ್ಸ್ ಸೇರಿ 12 ವಿಕೆಟ್ ಕಿತ್ತ. ಭಾರತಕ್ಕೆ 8 ವಿಕೆಟ್ ಗೆಲುವು. ಹೀಗಿದ್ದರೂ ಕೆಲವೇ ತಿಂಗಳಲ್ಲಿ, 1985ರ ಆರಂಭದಲ್ಲಿ ಆಸ್ಟ್ರೇಲಿಯದಲ್ಲಿ ನಡೆದ ಏಕದಿನ ಪಂದ್ಯಾವಳಿಗೆ ಹೊಸ ಕೀಪರ್ ಬಂದಾಗಿತ್ತು. ತಮಾಷೆ ಏನೆಂದರೆ ಬಂದವನೂ ನಮ್ಮ ಬೆಂಗಳೂರಿನವನೇ, ಸದಾನಂದ ವಿಶ್ವನಾಥ್. ಸ್ಟಂಪಿನ ಹಿಂದೆ ನಿಂತು ಒಂದೇ ಸಮ ಕೂಗಾಡುತ್ತಾ ಇಡೀ ತಂಡವನ್ನು ಎಬ್ಬಿಸಿಬಿಡುತ್ತಿದ್ದ. ಪಂದ್ಯಾವಳಿ ಗೆದ್ದರು, ಸದಾನಂದ್ ಹೀರೋ ಆದ. ಅವನ ಮೇಲೆ ನನಗೇನೂ ಕೋಪವಿಲ್ಲ, ಅವನು ಆಡಿದ ಒಂದು ವರ್ಷದ ಚೆಂದವೇ ಬೇರೆ. ಆದರೆ ನೋಡಿ, ಕಾಣಿಸುವ ಕೀಪರ್ ಬಂದ ಕೂಡಲೇ ಕಾಣಿಸದ ಕೀಪರ್ ಹಳಬರಾಗಿಬಿಟ್ಟರು.

1985-86ರ ಆಸ್ಟ್ರೇಲಿಯ ಪ್ರವಾಸಕ್ಕೆ ಕಿರ್ಮಾನಿಯನ್ನು ಮತ್ತೆ ಕರೆದರು. ಮೂರು ಟೆಸ್ಟ್ ಆಡಿದರು. ಕೊನೆಯದು 1986ರ ಜನವರಿಯಲ್ಲಿ ಸಿಡ್ನಿಯಲ್ಲಿ. ಅದೇ ಪ್ರವಾಸದ ಏಕದಿನ ಪಂದ್ಯದಲ್ಲಿ ಕಾಲಿಗೆ ಪೆಟ್ಟಾಯಿತು, ಆ ಬೇಸಿಗೆ ಇಂಗ್ಲೆಂಡಿಗೆ ಕಿರಣ್ ಮೋರೆ ಹೋದರು. ಟೆಸ್ಟ್ ಲೆಕ್ಕ 160 ಕ್ಯಾಚು, 38 ಸ್ಟಂಪಿಂಗು, ಒಟ್ಟು 198ಕ್ಕೆ ನಿಂತಿತು. ಇನ್ನೂರಕ್ಕೆ ಎರಡು ಕಮ್ಮಿ. ಮುಂದೆ ಧೋನಿ ಬಂದು ಒಟ್ಟು ಲೆಕ್ಕವನ್ನು ಎಲ್ಲಿಗೋ ಒಯ್ದರು. ಆದರೆ ಸ್ಟಂಪಿಂಗಿನಲ್ಲಿ, 90 ಟೆಸ್ಟ್ ಆಡಿ ಅವರು ಬಿಟ್ಟುಹೋದದ್ದೂ ಸರಿಯಾಗಿ 38ಕ್ಕೇ.

ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 1977ರ ಜನವರಿಯಲ್ಲಿ ಇಂಗ್ಲೆಂಡನ್ನು ಸೋಲಿಸಿದ ಟೆಸ್ಟ್ ನಡೆಯಿತಲ್ಲ, ಯಜುವೇಂದ್ರ ಸಿಂಗ್ ಏಳು ಕ್ಯಾಚ್ ಹಿಡಿದದ್ದು, ಅದನ್ನು ನಿಮ್ಮ ಮನೆಯಲ್ಲಿ ಅಪ್ಪನೋ ಮಾವನೋ ಕಣ್ಣಾರೆ ನೋಡಿದ್ದರೆ ಒಂದು ಮಾತು ಕೇಳಿ ಬರೆಯಿರಿ. ಚಂದ್ರಾ ಬೌಲ್ ಮಾಡುವಾಗ ಕಿರ್ಮಾನಿ ಸ್ಟಂಪಿನಿಂದ ಎಷ್ಟು ದೂರ ಕೂರುತ್ತಿದ್ದರು ಅಂತ ನನಗೆ ತಿಳಿಯಬೇಕಿದೆ.