ಓಯಾ: ಸೂರ್ಯಾಸ್ತದ ಊರಿನ ನೆಲದ ಕತೆ

ಗ್ರೀಸಿನ ಸ್ಯಾಂಟೊರಿನಿ ದ್ವೀಪಕ್ಕೆ ಹೊರಡುವವರ ಪಟ್ಟಿಯಲ್ಲಿ ಓಯಾದ ಸೂರ್ಯಾಸ್ತ ಇದ್ದೇ ಇರುತ್ತದೆ. ಕಡಿದಾದ ಬಂಡೆಯ ನೆತ್ತಿಯಲ್ಲಿರುವ ಈ ಊರಲ್ಲಿ ಸಂಜೆ ಜನ ಕಿಕ್ಕಿರಿಯುವುದು ವೆನಿಸ್ಸಿನವರ ಕಾಲದ ಕೋಟೆಯ ಅವಶೇಷದ ಮೇಲೆ. ಅದರ ಬಹುಭಾಗವನ್ನು ಕೆಡವಿದ್ದು 1956ರ ಜುಲೈ 9ರ ಭೂಕಂಪ.

ದ್ವೀಪವೇ ಜ್ವಾಲಾಮುಖಿ. ಅದು ಉಗುಳಿದ ಬೂದಿಯ ಪದರವನ್ನು ಕೊರೆದು ಬಡ ನಾವಿಕರು ಗುಹೆಮನೆ ಮಾಡಿಕೊಂಡರು. ಹಡಗಿನ ಕಪ್ತಾನರು ಮೇಲ್ಗಡೆ ಮಹಲು ಕಟ್ಟಿದರು. ಉಗಿಹಡಗು ಬಂದು ಹಾಯಿಹಡಗಿನ ವ್ಯಾಪಾರ ಕುಸಿಯಿತು. ಭೂಕಂಪದ ನಂತರ ಅನೇಕರು ಊರನ್ನೇ ಬಿಟ್ಟರು. 1970ರ ದಶಕದಲ್ಲಿ ಸರ್ಕಾರಿ ಪ್ರವಾಸೋದ್ಯಮ ಸಂಸ್ಥೆ ಪಾಳುಮನೆಗಳ ದುರಸ್ತಿಗೆ ಕೈಹಾಕಿತು. ಬಡವರ ಗುಹೆಗಳು ಇಂದು ದುಬಾರಿ ಹೋಟೆಲುಗಳು.

2025ರ ಫೆಬ್ರುವರಿಯಲ್ಲಿ ಭೂಮಿ ಮತ್ತೆ ಮತ್ತೆ ನಡುಗಿದಾಗ ಸಾವಿರಾರು ಜನ ದ್ವೀಪ ತೊರೆದರು. ಹೋಗುವವರು ಸೂರ್ಯ ಮುಳುಗುವ ವೇಳೆಯ ಜತೆಗೆ, ತಾವು ನಿಲ್ಲುವ ನೆಲದ ಸ್ವಭಾವವನ್ನೂ ತಿಳಿದಿದ್ದರೆ ಒಳ್ಳೆಯದು.